‘ವೈಯಕ್ತಿಕ ಮಾಹಿತಿ, ಕೊಡಲಾಗದು’ ಎಂಬ ಹಿಂಬರಹ ಬಂದರೆ ಮುಂದೇನು?

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಕಳೆದ ಮೂರು ವರ್ಷಗಳಲ್ಲಿ ವಸತಿ ಯೋಜನೆಯಡಿ ಮನೆ ಮಂಜೂರಾದವರ ಹೆಸರು, ವಿಳಾಸ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಮತ್ತು ಜಮೆಯಾದ ಹಣದ ವಿವರ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೆ. ‘ಕೋರಿರುವ ಮಾಹಿತಿಯು ವೈಯಕ್ತಿಕ ಮಾಹಿತಿಯಾಗಿದ್ದು, ತಿದ್ದುಪಡಿಯಾದ ಸೆಕ್ಷನ್ 8(1)(ಜೆ) ಅನ್ವಯ ನೀಡಲು ಅವಕಾಶವಿರುವುದಿಲ್ಲ’ ಎಂದು ಒಂದೇ ಸಾಲಿನ ಹಿಂಬರಹ ಬಂದಿದೆ. ಕಾನೂನು ನಿಜಕ್ಕೂ ಹಾಗೆ ಬದಲಾಗಿದೆಯೇ? ನಾನೀಗ ಏನು ಮಾಡಬೇಕು?
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಬದಲಾಗಿರುವುದು ನಿಜ. ಆದರೆ ನಿಮ್ಮ ಹಿಂಬರಹ ಹೇಳುವಷ್ಟು ಬದಲಾಗಿಲ್ಲ.

2005ರ ಮೂಲ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿ ಎಂದ ಮಾತ್ರಕ್ಕೆ ಅರ್ಜಿ ತಳ್ಳಿಹಾಕುವಂತಿರಲಿಲ್ಲ. ಕೇಳಿದ ಮಾಹಿತಿಗೆ ಸಾರ್ವಜನಿಕ ಚಟುವಟಿಕೆ ಅಥವಾ ಹಿತಾಸಕ್ತಿಯ ಸಂಬಂಧವೇ ಇರಬಾರದು, ಇಲ್ಲವೇ ಅದನ್ನು ಕೊಟ್ಟರೆ ಒಬ್ಬರ ಖಾಸಗಿತನದ ಮೇಲೆ ಅನಗತ್ಯ ಆಕ್ರಮಣವಾಗಬೇಕು. ಆಗ ಮಾತ್ರ ನಿರಾಕರಣೆ. ಹಾಗಿದ್ದೂ ವಿಶಾಲ ಸಾರ್ವಜನಿಕ ಹಿತ ಇದೆ ಎಂದು ಮಾಹಿತಿ ಅಧಿಕಾರಿಗೋ ಮೇಲ್ಮನವಿ ಪ್ರಾಧಿಕಾರಕ್ಕೋ ಮನವರಿಕೆಯಾದರೆ ಕೊಡಬೇಕಿತ್ತು. ಕೊನೆಗೊಂದು ಪರಂತುಕವೂ ಇತ್ತು: ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 44(3) ಇದೆಲ್ಲವನ್ನೂ ತೆಗೆದುಹಾಕಿತು. ಈಗ ಉಳಿದಿರುವುದು ‘ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ’ ಎಂಬಷ್ಟೇ, ಇಂಗ್ಲಿಷ್ ಮೂಲದಲ್ಲಿ ಆರು ಪದ. 2025ರ ನವೆಂಬರ್‌ನಲ್ಲಿ ಇದು ಜಾರಿಗೆ ಬಂತು. ಇಲ್ಲೊಂದು ವಿಚಿತ್ರವನ್ನು ಗಮನಿಸಿ. ನಾಗರಿಕರ ದತ್ತಾಂಶವನ್ನು ಕಾಪಾಡುವ ಅದೇ ಕಾಯ್ದೆಯ ಮುಖ್ಯ ಸೆಕ್ಷನ್‌ಗಳ ಜಾರಿಗೆ 18 ತಿಂಗಳ ಅವಧಿ ಕೊಡಲಾಗಿದೆ. ಮಾಹಿತಿ ಹಕ್ಕಿಗೆ ಹಾಕಿದ ಕತ್ತರಿಗೆ ಮಾತ್ರ ಒಂದು ದಿನದ ಬಿಡುವೂ ಸಿಗಲಿಲ್ಲ.

2018ರಲ್ಲಿ ದತ್ತಾಂಶ ಸಂರಕ್ಷಣೆಯ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿಯೂ ಈ ಸೆಕ್ಷನ್ ತಿದ್ದಬೇಕೆಂದು ಶಿಫಾರಸು ಮಾಡಿತ್ತು. ಆದರೆ ಆಗುವ ಹಾನಿ ಒಂದು ತಟ್ಟೆಯಲ್ಲಿ, ಸಾರ್ವಜನಿಕ ಹಿತ ಇನ್ನೊಂದರಲ್ಲಿ ಎಂಬ ತಕ್ಕಡಿಯನ್ನು ಅದು ಉಳಿಸಿಕೊಂಡಿತ್ತು. ಅಂಗೀಕಾರವಾದ ತಿದ್ದುಪಡಿ ತಕ್ಕಡಿಯನ್ನೇ ಎತ್ತಿಟ್ಟಿತು. 2019ರ ಸುಭಾಷ್ ಚಂದ್ರ ಅಗರ್ವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೆಸರು, ವಿಳಾಸ, ಅಂಕಗಳು, ಶಿಸ್ತು ಕ್ರಮ, ಆಸ್ತಿ ವಿವರ ಇವೆಲ್ಲ ವೈಯಕ್ತಿಕ ಮಾಹಿತಿಯೇ, ಆದರೆ ವಿಶಾಲ ಸಾರ್ವಜನಿಕ ಹಿತವಿದ್ದರೆ ಸಿಗುತ್ತವೆ ಎಂದಿತ್ತು. ಆ ಪಟ್ಟಿ ಅಷ್ಟು ಉದ್ದವಿದ್ದರೂ ಭಯವಿರಲಿಲ್ಲ, ಏಕೆಂದರೆ ಜೊತೆಗೇ ಷರತ್ತು ಇತ್ತು. ಈಗ ಪಟ್ಟಿ ಇದೆ, ಜೆ ಉಪಖಂಡದಲ್ಲಿ ಷರತ್ತಿಲ್ಲ. ‘ವೈಯಕ್ತಿಕ ಮಾಹಿತಿ’ ಎಂದರೇನೆಂದು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವ್ಯಾಖ್ಯೆಯೂ ಇಲ್ಲ. ಕೊಡುವುದು ಬೇಡವೆಂದವರಿಗೆ ಕಾಮಗಾರಿಯ ಅಳತೆ ಪುಸ್ತಕದಲ್ಲಿರುವ ಎಂಜಿನಿಯರ್ ಸಹಿಯೂ ವೈಯಕ್ತಿಕವೇ.

ಇನ್ನು ಉಳಿದಿರುವುದೇನು? ಸೆಕ್ಷನ್ 8(2). ಒಂದನೇ ಉಪಸೆಕ್ಷನ್‌ನ ಯಾವ ವಿನಾಯಿತಿ ಇದ್ದರೂ, ಕೊಡುವುದರಿಂದ ಆಗುವ ಸಾರ್ವಜನಿಕ ಹಿತ ಹಾನಿಗಿಂತ ಹೆಚ್ಚಿದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ‘ಇದು ಇರುವಾಗ ಏನೂ ಕೆಟ್ಟಿಲ್ಲ’ ಎಂಬುದು ಕೇಂದ್ರ ಸರ್ಕಾರದ ವಾದ. ಅರ್ಧ ಮಾತ್ರ ಒಪ್ಪಬಹುದಾದ ವಾದ ಇದು. ಹಳೆಯ ಜೆ ಉಪಖಂಡ ತೂಗಿ ನೋಡುವ ಕೆಲಸವನ್ನು ನೇರವಾಗಿ ಮಾಹಿತಿ ಅಧಿಕಾರಿಗೆ ವಹಿಸಿತ್ತು. 8(2)ರಲ್ಲಿರುವುದು ‘ಸಾರ್ವಜನಿಕ ಪ್ರಾಧಿಕಾರ ಅವಕಾಶ ನೀಡಬಹುದು’ ಎಂಬ ಮಾತು. ‘ಅದು ನನ್ನ ಮಟ್ಟದ ತೀರ್ಮಾನವಲ್ಲ’ ಎಂದು ಕೆಳಹಂತದ ಅಧಿಕಾರಿ ಕಡತವನ್ನು ಪಕ್ಕಕ್ಕೆ ಸರಿಸಲು ಇಷ್ಟು ಸಾಕು. ಹೀಗಾಗಿ ಆ ಸೆಕ್ಷನ್ನನ್ನು ಕಡತಕ್ಕೆ ತರುವ ಹೊಣೆ ಈಗ ಅರ್ಜಿದಾರರ ಹೆಗಲಿಗೆ ಬಿದ್ದಿದೆ.

ನಿಮ್ಮ ಪ್ರಕರಣದಲ್ಲಿ 8(2)ಕ್ಕಿಂತ ಗಟ್ಟಿಯಾದ ಆಧಾರ ಇನ್ನೊಂದಿದೆ: ಸೆಕ್ಷನ್ 4(1)(ಬಿ). ಪ್ರತಿ ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕಾದ 17 ಅಂಶಗಳ ಪಟ್ಟಿ ಅಲ್ಲಿದೆ. ಅದರ 12ನೇ ಅಂಶ ಸಹಾಯಧನ ಯೋಜನೆಗಳ ಅನುಷ್ಠಾನದ ರೀತಿ, ನೀಡಿದ ಮೊತ್ತ ಮತ್ತು ಫಲಾನುಭವಿಗಳ ವಿವರ. 13ನೇ ಅಂಶ ರಿಯಾಯಿತಿ, ಪರವಾನಗಿ ಪಡೆದವರ ವಿವರ. ನೌಕರರ ಮಾಸಿಕ ವೇತನ 10ನೇ ಅಂಶ. ತಿದ್ದುಪಡಿ ಇವುಗಳಲ್ಲಿ ಒಂದಕ್ಷರವನ್ನೂ ಮುಟ್ಟಿಲ್ಲ. ತಾನಾಗಿಯೇ ಗೋಡೆಗೆ ಅಂಟಿಸಬೇಕಾದ ಪಟ್ಟಿಯನ್ನು ಕೇಳಿದವರಿಗೆ ಕೊಡುವುದಿಲ್ಲ ಎನ್ನುವುದು ನಿಲ್ಲುವ ಮಾತಲ್ಲ.

ನಿಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆ ಕೇಳಿದ್ದು ಬೇಡವಾಗಿತ್ತು. ಯಾರಿಗೆ ಮನೆ ಮಂಜೂರಾಗಿದೆ, ಎಷ್ಟು ಕಂತು ಹೋಗಿದೆ ಎಂದು ತಿಳಿಯಲು ಅವು ಬೇಕಿಲ್ಲ. ಆ ಎರಡು ಪದಗಳೇ ಇಡೀ ಅರ್ಜಿಗೆ ‘ವೈಯಕ್ತಿಕ’ ಎಂಬ ಮುದ್ರೆ ಒತ್ತಲು ನೆಪವಾದವು. ಅವುಗಳನ್ನು ಕೈಬಿಟ್ಟು ಮೊದಲ ಮೇಲ್ಮನವಿ ಹಾಕಿ.

ಹಿಂಬರಹ ಕೈಸೇರಿದ ದಿನದಿಂದ 30 ದಿನದೊಳಗೆ ಮೇಲ್ಮನವಿ ಸಲ್ಲಬೇಕು. ಲಕೋಟೆ ಎಸೆಯಬೇಡಿ, ಅಂಚೆ ಮುದ್ರೆಯೇ ನಿಮ್ಮ ಸಾಕ್ಷಿ. ಕರ್ನಾಟಕದಲ್ಲಿ ಮೊದಲ ಮೇಲ್ಮನವಿಗೆ ಶುಲ್ಕವಿಲ್ಲ. ಸೆಕ್ಷನ್ 7(8)ರ ಪ್ರಕಾರ ನಿರಾಕರಣೆಯ ಕಾರಣ, ಮೇಲ್ಮನವಿಯ ಅವಧಿ, ಮೇಲ್ಮನವಿ ಪ್ರಾಧಿಕಾರದ ವಿವರ ಮೂರೂ ಹಿಂಬರಹದಲ್ಲಿ ಇರಲೇಬೇಕು. ಒಂದೇ ಸಾಲಿನ ಹಿಂಬರಹದಲ್ಲಿ ಕೊನೆಯ ಎರಡು ಇಲ್ಲವೆಂಬುದನ್ನೇ ಮೊದಲ ಅಂಶವಾಗಿ ಎತ್ತಿ. ಆಮೇಲೆ ಹೀಗೆ ಬರೆಯಬಹುದು:

‘ನಾನು ಕೋರಿರುವುದು ಸಾರ್ವಜನಿಕ ಹಣದಿಂದ ನೀಡಿದ ಸಹಾಯಧನದ ಫಲಾನುಭವಿಗಳ ಹೆಸರು, ಗ್ರಾಮ, ಮಂಜೂರಾದ ವರ್ಷ ಮತ್ತು ಪಾವತಿಯಾದ ಮೊತ್ತ. ಇದು ಸೆಕ್ಷನ್ 4(1)(ಬಿ)ಯ 12ನೇ ಅಂಶದಂತೆ ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕಾದ ಮಾಹಿತಿ. ಆಧಾರ್ ಹಾಗೂ ಬ್ಯಾಂಕ್ ಖಾತೆ ಸಂಖ್ಯೆಯ ಕೋರಿಕೆಯನ್ನು ಕೈಬಿಟ್ಟಿದ್ದೇನೆ. ದಾಖಲೆಯಲ್ಲಿ ಅವು ಇದ್ದಲ್ಲಿ ಸೆಕ್ಷನ್ 10ರಂತೆ ಮರೆಮಾಚಿ ಉಳಿದ ಭಾಗ ನೀಡಬೇಕು. ಸೆಕ್ಷನ್ 8(2)ರಡಿ ಸಾರ್ವಜನಿಕ ಹಿತವನ್ನು ಪರಿಗಣಿಸಿರುವ ಬಗ್ಗೆ ಹಿಂಬರಹದಲ್ಲಿ ಉಲ್ಲೇಖವಿಲ್ಲ. ನಿರಾಕರಣೆ ಸರಿಯೆಂದು ಸಾಬೀತುಪಡಿಸುವ ಹೊಣೆ ಸೆಕ್ಷನ್ 19(5)ರಂತೆ ಮಾಹಿತಿ ಅಧಿಕಾರಿಯದು.’

ಇದಕ್ಕೆ 30 ದಿನದಲ್ಲಿ, ಕಾರಣ ದಾಖಲಿಸಿದರೆ ಹೆಚ್ಚೆಂದರೆ 45 ದಿನದಲ್ಲಿ ಆದೇಶ ಬರಬೇಕು. ಬರದಿದ್ದರೆ, ಅಥವಾ ಬಂದರೂ ಒಪ್ಪಿಗೆಯಾಗದಿದ್ದರೆ, 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಮೊದಲ ಮೇಲ್ಮನವಿಯಲ್ಲಿ 8(2)ರ ಮಾತೇ ಎತ್ತದೆ ಆಯೋಗದ ಮುಂದೆ ಹೊಸದಾಗಿ ಎತ್ತುವುದಕ್ಕಿಂತ, ಆರಂಭದಿಂದಲೇ ಕಾಗದದ ಮೇಲೆ ಇರುವುದು ಲೇಸು.

ಪ್ರಶ್ನೆ: ಮಾಹಿತಿ ಕೇಳಲು ಕಾರಣ ಹೇಳಬೇಕಿಲ್ಲ ಎಂದು ಕೇಳಿದ್ದೆವು. ಈಗ ಅರ್ಜಿಯಲ್ಲೇ ಸಾರ್ವಜನಿಕ ಹಿತ ವಿವರಿಸಬೇಕೆ? ನಮ್ಮಲ್ಲಿ 150 ಪದಗಳ ಮಿತಿ ಬೇರೆ ಇದೆ.
— ದಾವಣಗೆರೆಯ ಓದುಗರು

ಉತ್ತರ: ಸೆಕ್ಷನ್ 6(2) ಹಾಗೆಯೇ ಇದೆ. ಯಾಕೆ ಬೇಕು ಎಂದು ಅಧಿಕಾರಿ ಕೇಳುವಂತಿಲ್ಲ. ಆದರೆ ನೀವಾಗಿ ಹೇಳುವುದಕ್ಕೆ ಅಡ್ಡಿಯೂ ಇಲ್ಲ. ನೀವು ಕೇಳುವ ದಾಖಲೆಯಲ್ಲಿ ವ್ಯಕ್ತಿಗಳ ಹೆಸರು ಬರುವ ಸಂಭವವಿದ್ದರೆ ಸಾರ್ವಜನಿಕ ಹಿತವನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಿ. ಉಳಿದ ವಾದವನ್ನು ಮೇಲ್ಮನವಿಗೆ ಇಟ್ಟುಕೊಳ್ಳಿ. ಕರ್ನಾಟಕದ ನಿಯಮದಲ್ಲಿರುವ 150 ಪದ ಮತ್ತು ಒಂದೇ ವಿಷಯ ಎಂಬ ಮಿತಿ ಅನ್ವಯಿಸುವುದು ಸೆಕ್ಷನ್ 6ರ ಅರ್ಜಿಗೆ. ಅದರಲ್ಲೂ ಪದಗಳ ಮಿತಿ ‘ಸಾಮಾನ್ಯವಾಗಿ’ ಎಂಬ ಮಾತಿನೊಂದಿಗೆ ಇದೆ. ಎರಡು ವಿಷಯ ಸೇರಿಸಿದರೆ ಮಾತ್ರ ತೊಂದರೆ: ಮೊದಲನೆಯದಕ್ಕೆ ಉತ್ತರ ಕೊಟ್ಟು ಇನ್ನೊಂದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. ಹತ್ತು ರೂಪಾಯಿ ಉಳಿಸಲು ಹೋಗಿ ಒಂದು ತಿಂಗಳು ಕಳೆದುಕೊಳ್ಳಬೇಡಿ.

ಇನ್ನೂ ಮುಖ್ಯವಾದದ್ದು ಕೇಳುವ ಧಾಟಿ. ‘ನಮ್ಮ ವಾರ್ಡಿನ ರಸ್ತೆ ಹಾಳು ಮಾಡಿದ ಎಂಜಿನಿಯರ್ ಯಾರು, ಅವರ ಸೇವಾ ಪುಸ್ತಕ, ಆಸ್ತಿ ವಿವರ ಕೊಡಿ’ ಎಂದರೆ ಅದು ವ್ಯಕ್ತಿಯನ್ನು ಕೇಳಿದಂತೆ, ನಿರಾಕರಣೆ ಖಚಿತ. ನೌಕರರ ಸೇವಾ ಮತ್ತು ಆಸ್ತಿ ವಿವರ ವೈಯಕ್ತಿಕ ಮಾಹಿತಿ ಎಂದ ಸುಪ್ರೀಂ ಕೋರ್ಟಿನ 2012ರ ಗಿರೀಶ್ ದೇಶಪಾಂಡೆ ತೀರ್ಪಿನ ನಂತರ ತಿದ್ದುಪಡಿಗೆ ಮುಂಚೆಯೂ ಇಂಥವು ಸಿಗುತ್ತಿದ್ದದ್ದು ಅಪರೂಪ. ಅದೇ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಅಂತಿಮ ಬಿಲ್, ಗುಣಮಟ್ಟ ಪರೀಕ್ಷೆಯ ವರದಿ ಕೇಳಿ. ಎಲ್ಲವೂ ಕಾಮಗಾರಿಯ ದಾಖಲೆಗಳು. ಸಹಿ ಮಾಡಿದವರ ಹೆಸರು, ಹುದ್ದೆ ಅದರಲ್ಲಿ ತಾನಾಗಿಯೇ ಇರುತ್ತದೆ. ಅರ್ಜಿಯ ಕೊನೆಗೆ ‘ಖಾಸಗಿ ವ್ಯಕ್ತಿಗಳ ಫೋನ್, ಖಾತೆ ಸಂಖ್ಯೆಗಳಿದ್ದರೆ ಮರೆಮಾಚಿ ಕೊಡಬಹುದು’ ಎಂದು ನೀವೇ ಬರೆದರೆ, ಇಡೀ ಕಡತವನ್ನು ಮುಚ್ಚಿಡುವ ದಾರಿ ಅರ್ಧ ಮುಚ್ಚುತ್ತದೆ. ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿ ಪರಿಶೀಲಿಸಲು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲೂ ಹಕ್ಕಿದೆ ಎಂಬುದನ್ನು ಹೆಚ್ಚಿನವರು ಮರೆತೇಬಿಟ್ಟಿದ್ದಾರೆ. ಜಲ್ಲಿ, ಡಾಂಬರಿಗೆ ಖಾಸಗಿತನವಿಲ್ಲ!

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಸಾರ್ವಜನಿಕ ಮಾಹಿತಿ ಅಧಿಕಾರಿ. ಹೆಸರು ಕೊಟ್ಟರೆ ಹೊಸ ಕಾಯ್ದೆಯಲ್ಲಿ 250 ಕೋಟಿ ರೂಪಾಯಿ ದಂಡ ಬೀಳುತ್ತದೆ ಎನ್ನುತ್ತಾರೆ. ಕೊಡದಿದ್ದರೆ ಆಯೋಗ ದಂಡ ಹಾಕುತ್ತದೆ. ಯಾವ ಕಡೆ ಹೋಗಲಿ?
— ತುಮಕೂರು ಜಿಲ್ಲೆಯಿಂದ

ಉತ್ತರ: 250 ಕೋಟಿ ಎಂಬುದು ದತ್ತಾಂಶ ಕಾಯ್ದೆಯಲ್ಲಿ ಸೋರಿಕೆ ತಡೆಯಲು ಸೂಕ್ತ ಭದ್ರತೆ ಕೈಗೊಳ್ಳದಿದ್ದುದಕ್ಕೆ ನಿಗದಿಯಾಗಿರುವ ಗರಿಷ್ಠ ದಂಡ. ಮಾಹಿತಿ ಹಕ್ಕಿನಡಿ ತೂಗಿ ನೋಡಿ ಕೊಟ್ಟ ಉತ್ತರಕ್ಕೂ ಅದಕ್ಕೂ ಸಂಬಂಧ ಕಲ್ಪಿಸಿ ಹೆದರಬೇಕಿಲ್ಲ. ಕಾನೂನು ವಿಧಿಸಿದ ಹೊಣೆಯಂತೆ ಸಾರ್ವಜನಿಕಗೊಳಿಸಿದ ದತ್ತಾಂಶಕ್ಕೆ ಆ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ ಸೆಕ್ಷನ್ 3 ಹೇಳುತ್ತದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 21 ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ದಾವೆಯಿಂದ ರಕ್ಷಣೆ ಕೊಡುತ್ತದೆ. ನಿಮ್ಮ ಜೇಬಿಗೆ ನಿಜವಾಗಿ ತಟ್ಟುವುದು ಸೆಕ್ಷನ್ 20: ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ. ಎರಡೂ ಕಡೆ 250 ಇರುವುದೇ ಗೊಂದಲಕ್ಕೆ ಕಾರಣವೋ ಏನೋ.

ಕಡತದಲ್ಲಿ ಒಂದು ಪುಟದ ಟಿಪ್ಪಣಿ ಇಡಿ. ಕೇಳಿದ್ದು ವೈಯಕ್ತಿಕ ಮಾಹಿತಿಯೇ? ಸೆಕ್ಷನ್ 4ರಡಿ ಪ್ರಕಟಿಸಬೇಕಾದದ್ದೇ? ಯಾವ ಭಾಗ ಮರೆಮಾಚಿದರೆ ಉಳಿದದ್ದು ಕೊಡಬಹುದು? 8(2)ರಡಿ ಹಿತ, ಹಾನಿ ಏನು? ತೀರ್ಮಾನ ಪ್ರಾಧಿಕಾರದ ಮುಖ್ಯಸ್ಥರದೆಂದು ಅನ್ನಿಸಿದರೆ ಅವರಿಗೆ ಮಂಡಿಸಿ ಅವರ ಷರಾ ಪಡೆಯಿರಿ. ಆದರೆ 30 ದಿನದ ಲೆಕ್ಕ ನಿಲ್ಲುವುದಿಲ್ಲ.

ಸೆಕ್ಷನ್ 11ರ ಮೂರನೇ ವ್ಯಕ್ತಿ ನೋಟಿಸಿನಲ್ಲಿ ಹೆಚ್ಚಿನ ಕಚೇರಿಗಳು ಎಡವುತ್ತವೆ. ಆ ವ್ಯಕ್ತಿ ಗೌಪ್ಯವೆಂದು ಪರಿಗಣಿಸಿದ ಮಾಹಿತಿಗೆ ಮಾತ್ರ ಅದು ಬೇಕು. ಗ್ರಾಮಸಭೆಯಲ್ಲಿ ಓದಿದ ಪಟ್ಟಿಗೆ ನೂರು ಜನರಿಗೆ ನೋಟಿಸು ಕಳಿಸುವುದು ಕಾಲಹರಣ. ಬೇಕಾದ ಕಡೆ, ಅರ್ಜಿ ಬಂದ 5 ದಿನದಲ್ಲಿ ನೋಟಿಸು, ಅವರಿಗೆ 10 ದಿನ, ಅರ್ಜಿ ಬಂದ 40 ದಿನದೊಳಗೆ ನಿಮ್ಮ ತೀರ್ಮಾನ. ‘ಮೂರನೇ ವ್ಯಕ್ತಿ ಒಪ್ಪಲಿಲ್ಲ’ ಎಂಬುದು ನಿರಾಕರಣೆಗೆ ಕಾರಣವಾಗದು. ಅವರದು ಆಕ್ಷೇಪಣೆ, ತೀರ್ಮಾನ ನಿಮ್ಮದು.

ಪ್ರಶ್ನೆ: ನನ್ನದೇ ಉತ್ತರ ಪತ್ರಿಕೆ, ನನ್ನದೇ ಸೇವಾ ದಾಖಲೆ ಕೇಳಿದರೂ ‘ವೈಯಕ್ತಿಕ’ ಎನ್ನಬಹುದೇ?

ಉತ್ತರ: ಹೊಸ ಪಠ್ಯವನ್ನು ಅಕ್ಷರಶಃ ಓದಿದರೆ ಅಂಥ ಹಿಂಬರಹವೂ ಬರಬಹುದು, ಆದರೆ ಅದು ಅಸಂಬದ್ಧ. ಖಾಸಗಿತನ ನಿಮ್ಮದು, ನಿಮ್ಮಿಂದಲೇ ಅದನ್ನು ಕಾಪಾಡುವುದೆಂದರೇನು? ಪರೀಕ್ಷಾರ್ಥಿ ತನ್ನ ಮೌಲ್ಯಮಾಪನಗೊಂಡ ಉತ್ತರ ಪತ್ರಿಕೆ ನೋಡಬಹುದೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಚರ್ಚೆಯಾದದ್ದು ಬೇರೆ ವಿನಾಯಿತಿ, ವಿಶ್ವಾಸದ ಸಂಬಂಧದಲ್ಲಿ ದೊರೆತ ಮಾಹಿತಿಯ ಕುರಿತ 8(1)(ಇ), ಎಂಬುದು ನೆನಪಿರಲಿ. ಅರ್ಜಿಯೊಂದಿಗೆ ಗುರುತಿನ ಚೀಟಿಯ ಪ್ರತಿ ಲಗತ್ತಿಸಿ, ‘ಇದು ನನ್ನದೇ ಮಾಹಿತಿ’ ಎಂದು ಬರೆಯಿರಿ. ಮೌಲ್ಯಮಾಪಕರ ಹೆಸರು ಮಾತ್ರ ಕೇಳಬೇಡಿ, ಸಿಗುವುದಿಲ್ಲ.

ಪ್ರಶ್ನೆ: 2001ರ ನಿವೇಶನ ಹಂಚಿಕೆಯ ಕಡತ ಬೇಕು. ಅದಕ್ಕೂ ಇದೇ ಅಡ್ಡಿಯೇ?

ಉತ್ತರ: ಇಲ್ಲ. ಅರ್ಜಿಯ ದಿನಕ್ಕೆ 20 ವರ್ಷ ಹಿಂದಿನ ಘಟನೆಯ ಮಾಹಿತಿಗೆ ಸೆಕ್ಷನ್ 8(3)ರಂತೆ ಎ (ದೇಶದ ಸಾರ್ವಭೌಮತೆ, ಭದ್ರತೆ ಮುಂತಾದವು), ಸಿ (ಶಾಸನಸಭೆಗಳ ಹಕ್ಕುಚ್ಯುತಿ), ಐ (ಸಚಿವ ಸಂಪುಟದ ಕಾಗದಪತ್ರ) ವಿನಾಯಿತಿಗಳು ಮಾತ್ರ ಉಳಿಯುತ್ತವೆ. ಜೆ ಆ ಪಟ್ಟಿಯಲ್ಲಿಲ್ಲ. ‘ಕಡತ ಲಭ್ಯವಿಲ್ಲ’ ಎಂಬ ಉತ್ತರ ಬರಬಹುದು. ಹಾಗೆ ಬಂದರೆ ಆ ಕಡತ ನಾಶಪಡಿಸಿದ ಆದೇಶದ ಪ್ರತಿ ಮತ್ತು ನಾಶಪಡಿಸಿದ ಕಡತಗಳ ವಹಿಯ ಪುಟವನ್ನು ಕೇಳಿ ಇನ್ನೊಂದು ಅರ್ಜಿ ಹಾಕಿ.