ಅಂಡಾಶಯದ ಸಿಸ್ಟ್ (ದ್ರವ ತುಂಬಿದ ಗುಳ್ಳೆ) ಒಡೆದು ಎರಡು ಬಾರಿ ಹೊಟ್ಟೆಯೊಳಗೆ ರಕ್ತಸ್ರಾವವಾಗಿದೆ. ಆ ಅಂಡಾಶಯವನ್ನು ತೆಗೆಸಿಬಿಡಲೇ?

ಬೇಡ. ರಕ್ತವನ್ನು ಸರಿಯಾಗಿ ಪರೀಕ್ಷಿಸುವ ತನಕ ಆ ಮಾತನ್ನೇ ಎತ್ತಬೇಡಿ. ಎರಡನೆಯ ಸಲ ಆದಾಗ ನಾನೂ ಇದನ್ನೇ ಕೇಳಿದ್ದೆ.

ಮೊದಲ ಸಲ ಮುಟ್ಟಿಗೆ ಇನ್ನೂ ಹತ್ತು ದಿನವಿತ್ತು. ಕೆಳಹೊಟ್ಟೆಯ ಬಲಗಡೆ ನೋವು, ಅಪೆಂಡಿಕ್ಸ್ ಇರಬೇಕೆಂದರು. ಮಲಗಿದರೆ ಬಲಭುಜದ ತುದಿಯೂ ನೋಯುತ್ತಿತ್ತು. ನಾನು ದಿಂಬನ್ನು ಬೈದುಕೊಂಡೆ. ಹೊಟ್ಟೆಯಲ್ಲಿ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸುತ್ತದಂತೆ! ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು, ಸ್ರಾವದ ಆರಂಭದಲ್ಲಿ ಅದು ಇಳಿದಿರುವುದಿಲ್ಲ. ನಾಡಿ ಮಾತ್ರ ಓಡುತ್ತಿತ್ತು. ಗರ್ಭನಾಳದಲ್ಲಿ ಗರ್ಭ ನಿಂತಿಲ್ಲವೆಂದು ಖಚಿತಪಡಿಸಿಕೊಂಡು, ಸ್ಕ್ಯಾನ್ ಮಾಡಿ, ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆ) ಸ್ರಾವ ನಿಲ್ಲಿಸಿದರು.

ನನ್ನ ತಪ್ಪು ನಡೆದದ್ದು ಅದಕ್ಕೂ ಮೊದಲು, ಒಂದೇ ಒಂದು ಪ್ರಶ್ನೆಯಲ್ಲಿ. "ರಕ್ತ ಹೆಪ್ಪುಗಟ್ಟುವ ತೊಂದರೆ ಏನಾದರೂ ಇದೆಯೇ?" ಎಂದು ವೈದ್ಯರು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಲಿಲ್ಲ, ನನಗೆ ಅದು ತೊಂದರೆಯೆಂದೇ ಗೊತ್ತಿರಲಿಲ್ಲ. ಗಂಟೆಗೊಂದು ಪ್ಯಾಡ್ ಬದಲಿಸುವುದು, ರೂಪಾಯಿ ನಾಣ್ಯಕ್ಕಿಂತ ದೊಡ್ಡ ರಕ್ತದ ಗಡ್ಡೆಗಳು ಬೀಳುವುದು, ಹಲ್ಲು ಕೀಳಿಸಿದ ಮೇಲೆ ಎರಡು ದಿನ ರಕ್ತ ಒಸರುವುದು, ಎಲ್ಲಿ ತಾಗಿತೆಂದು ನೆನಪಿಲ್ಲದ ನೀಲಿ ಕಲೆಗಳು: ನಮ್ಮ ಮನೆಯ ಹೆಂಗಸರಿಗೆಲ್ಲ ಹೀಗೆಯೇ. ಮನೆಯಲ್ಲೆಲ್ಲರಿಗೂ ಇರುವುದನ್ನು ಯಾರು ರೋಗವೆನ್ನುತ್ತಾರೆ? "ಮುಟ್ಟು ಹೇಗೆ?" ಎಂದು ಕೇಳಿದ್ದರೂ "ಮಾಮೂಲು" ಎನ್ನುತ್ತಿದ್ದೆನೇನೋ. ಮನೆಗೆ ಬಂದು ನೋವಿಗೆ ಐಬುಪ್ರೊಫೆನ್ ನುಂಗುತ್ತಿದ್ದೆ, ಅದು ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತದೆ. ಎಂಟು ತಿಂಗಳಿಗೆ ಮತ್ತೆ ಒಡೆಯಿತು.

ಆಗ ಒಬ್ಬ ರಕ್ತರೋಗ ತಜ್ಞೆ ಅರ್ಧ ಗಂಟೆ ಕೂರಿಸಿಕೊಂಡು ಹಲ್ಲಿನಿಂದ ಹಿಡಿದು ಹೆರಿಗೆಯವರೆಗೆ ಕೇಳಿದರು. ವಾನ್ ವಿಲ್ಲೆಬ್ರಾಂಡ್ ಕಾಯಿಲೆ: ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಅಂಶ ಹುಟ್ಟಿನಿಂದಲೇ ಕಡಿಮೆಯಿರುವುದು ಅಥವಾ ಸರಿಯಾಗಿ ಕೆಲಸ ಮಾಡದಿರುವುದು. ಮಾಮೂಲಿ ಹೆಪ್ಪುಗಟ್ಟುವಿಕೆಯ ಪರೀಕ್ಷೆಗಳಲ್ಲಿ ಇದು ತಪ್ಪಿಸಿಕೊಳ್ಳಬಹುದು. ಮೈಗೆ ಪೆಟ್ಟಾದಾಗ ಆ ಅಂಶವೇ ಏರುವುದರಿಂದ, ಸ್ರಾವದ ನಡುವೆ ಮಾಡಿದ ಪರೀಕ್ಷೆ ಸರಿಯಿದೆ ಎಂದರೂ ನಂಬದೆ, ಚೇತರಿಸಿಕೊಂಡ ಮೇಲೆ ಮತ್ತೆ ಮಾಡಿಸಿ.

ಒಂದು ಅಂಡಾಶಯ ತೆಗೆದರೆ ಇನ್ನೊಂದು ತಿಂಗಳು ತಿಂಗಳೂ ಅಂಡ ಬಿಡುತ್ತಲೇ ಇರುತ್ತದೆ, ಅಲ್ಲೂ ಇಂಥ ಸಿಸ್ಟ್ ಆಗಿ ಒಡೆಯಬಹುದು, ರಕ್ತವೂ ಅದೇ. ನಾನೀಗ ಅಂಡೋತ್ಪತ್ತಿ ತಡೆಯುವ ಹಾರ್ಮೋನ್ ಮಾತ್ರೆಯಲ್ಲಿದ್ದೇನೆ; ಹಲ್ಲಿನ ಕೆಲಸವಿದ್ದರೆ ಮುಂಚೆಯೇ ಟ್ರಾನೆಕ್ಸಾಮಿಕ್ ಆಮ್ಲ, ಅಂದರೆ ರಕ್ತಸ್ರಾವ ತಗ್ಗಿಸುವ ಔಷಧ. ನಿಮಗೆ ಯಾವುದು ಹೊಂದುತ್ತದೆಂದು ನಿಮ್ಮ ವೈದ್ಯರೇ ಹೇಳಬೇಕು. ಆದರೆ ಹೊಟ್ಟೆನೋವಿನ ಜೊತೆ ತಲೆ ತಿರುಗಿದರೆ ಉತ್ತರ ಓದುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ನನ್ನ ನಂತರ ಅಮ್ಮನನ್ನೂ ಪರೀಕ್ಷಿಸಿದರು. ಅವರಿಗೂ ಇದೇ ಇತ್ತು. ವಿಪರೀತ ಸ್ರಾವವೆಂದು ಮೂವತ್ತೆಂಟಕ್ಕೇ ಅವರ ಗರ್ಭಕೋಶ ತೆಗೆದುಹಾಕಿದ್ದರು.