ಸಂಪಾದಕರ ಉತ್ತರ: ಕಾರಂಜಾದ ಹೂಳು ಯಾರ ಹೆಸರು ಹೇಳೀತು?

ಮಾಸ್ತರರೇ, ಶರಣು ಶರಣಾರ್ಥಿ.

ನಿಮ್ಮ ಪತ್ರ ಪೂರ್ತಿ ಅಚ್ಚು ಹಾಕಲು ಜಾಗವಿರಲಿಲ್ಲ. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಭಾಲ್ಕಿ ತಾಲ್ಲೂಕಿನ ಈ ನಿವೃತ್ತ ಶಿಕ್ಷಕರ ಮನೆಯಲ್ಲಿ ಬೇಸಿಗೆ ಬಂತೆಂದರೆ ನಳದ ನೀರಿಗೆ ಮಣ್ಣಿನ ವಾಸನೆ, ಕೊಡದ ಒಳಗೋಡೆಗೆ ಹಸಿರು ಲೋಳೆ. ಊರ ಕಟ್ಟೆಯ ಮೇಲೆ ಇದಕ್ಕೆ ಎರಡು ಪಕ್ಷ. ಕಬ್ಬಿನವರು ಸುರಿಯುವ ಸರಕಾರಿ (ರಾಸಾಯನಿಕ) ಗೊಬ್ಬರ ಕಾರಣ ಅನ್ನುವವರು ಕೆಲವರು, ಮೇಲಿನ ಊರುಗಳ ಚರಂಡಿ ಕಾರಣ ಅನ್ನುವವರು ಉಳಿದವರು. ಕಾರಂಜಾ ಜಲಾಶಯದ ಹೂಳು ತೆಗೆದು ನೋಡಿದರೆ ಕಳ್ಳ ಯಾರೆಂದು ತಿಳಿಯುತ್ತದಂತೆ, ನಿಜವೇ? ನಿಜವಾದರೆ ಇಲ್ಲೇಕೆ ಮಾಡಬಾರದು? ಆ ಹೂಳನ್ನು ಹೊಲಕ್ಕೆ ಹಾಕಬಹುದೇ? ಇವು ಅವರ ಪ್ರಶ್ನೆಗಳು.

ವಾಸನೆಯ ಮಾತು ಮೊದಲು ಮುಗಿಸೋಣ. ಕೆಲವು ಜಾತಿಯ ನೀಲಿಹಸಿರು ಪಾಚಿ ಜಿಯೋಸ್ಮಿನ್ ಎಂಬ ವಸ್ತುವನ್ನು ಬಿಡುತ್ತವೆ. ಮೊದಲ ಮಳೆಗೆ ನೆಲದಿಂದ ಏಳುತ್ತದಲ್ಲ, ಆ ವಾಸನೆಯಲ್ಲೂ ಇರುವುದು ಇದೇ. ಲೀಟರಿಗೆ ಹತ್ತು ನ್ಯಾನೊಗ್ರಾಂ ಆಸುಪಾಸು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಅದು ವಿಷವಲ್ಲ. ಆದರೆ ಅದೇ ಗುಂಪಿನ ಬೇರೆ ಪಾಚಿಗಳು ಮೈಕ್ರೊಸಿಸ್ಟಿನ್ ಎಂಬ ವಿಷ ಬಿಡಬಲ್ಲವು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಸಿ ಆರಿಸಿ ಕುಡಿದರೆ ಸಾಕು ಎಂದು ಬರೆದಿದ್ದೀರಿ. ಸಾಲದು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಈ ವಿಷ ಹೋಗುವುದಿಲ್ಲ. ಜಲಾಶಯದ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಕೆನೆ ಕಟ್ಟಿದ ದಿನಗಳಲ್ಲಿ ದನಗಳನ್ನೂ ಆ ದಂಡೆಗೆ ಬಿಡಬೇಡಿ.

ಪಾಚಿ ಇಷ್ಟು ಬೆಳೆಯಲು ಮುಖ್ಯವಾಗಿ ಬೇಕಾದದ್ದು ರಂಜಕ (ಫಾಸ್ಫರಸ್). ಕೆನಡಾದಲ್ಲಿ 1973ರಲ್ಲಿ ಒಂದು ಸರೋವರಕ್ಕೆ ನಡುವೆ ಪರದೆ ಕಟ್ಟಿ, ಒಂದು ಕಡೆ ಇಂಗಾಲ ಮತ್ತು ಸಾರಜನಕ ಮಾತ್ರ, ಇನ್ನೊಂದು ಕಡೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಕಡೆ ನೀರು ಹಸಿರಾಯಿತು, ಪರದೆಯ ಆಚೆ ತಿಳಿಯಾಗಿಯೇ ಉಳಿಯಿತು.

ನಮ್ಮ ಲೆಕ್ಕಕ್ಕೆ ಬರೋಣ. ಐವತ್ತು ಕಿಲೋ ಡಿಎಪಿ ಗೊಬ್ಬರದ ಚೀಲದಲ್ಲಿ ಶುದ್ಧ ರಂಜಕ ಹತ್ತು ಕಿಲೋದಷ್ಟು. ನೀರಿನಲ್ಲಿ ಲೀಟರಿಗೆ 35 ಮೈಕ್ರೊಗ್ರಾಂ ರಂಜಕವಿದ್ದರೆ ಪಾಚಿಗೆ ಹಬ್ಬ. ಕಾರಂಜಾದ ಸಾಮರ್ಥ್ಯ 7.69 ಟಿಎಂಸಿ. ಅಷ್ಟೂ ನೀರನ್ನು ಆ ಮಟ್ಟಕ್ಕೆ ತರಲು ಸುಮಾರು 760 ಚೀಲದ ರಂಜಕ ಸಾಕು, ಅಂದರೆ ನಾಲ್ಕು ಲಾರಿ ಲೋಡು. ಗಾಬರಿಯಾಗಬೇಡಿ, ಹೊಲಕ್ಕೆ ಹಾಕಿದ್ದೆಲ್ಲ ನೀರಿಗೆ ಬರುವುದಿಲ್ಲ. ಸುಣ್ಣ ಹೆಚ್ಚಿರುವ ನಮ್ಮ ಎರೆ ಮಣ್ಣು ರಂಜಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಬೆಳೆಗೇ ಸಲೀಸಾಗಿ ಕೊಡುವುದಿಲ್ಲ. ತಾಪತ್ರಯ ಏನೆಂದರೆ, ಮುಂಗಾರಿನ ಮೊದಲ ಜಡಿಮಳೆಗೆ ಆ ಮಣ್ಣೇ ಎದ್ದು ನಾಲಾದೊಳಗೆ ಹೋಗುತ್ತದೆ. ರಂಜಕ ಅದರ ಹೆಗಲೇರಿ ಜಲಾಶಯಕ್ಕೆ ಬಂದು ತಳದಲ್ಲಿ ಕೂರುತ್ತದೆ. ಹೂಳಿಗೆ ಈ ವಿಷಯದಲ್ಲಿ ಇಷ್ಟು ಮಹತ್ವ ಬಂದಿರುವುದು ಅದಕ್ಕೇ.

ಈಗ ನಿಮ್ಮ ಮುಖ್ಯ ಪ್ರಶ್ನೆ. ದೋಣಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ಕೆಸರಿಗಿಳಿಸಿ, ಮೇಲಿನ ಬಾಯಿ ಬಿಗಿಯಾಗಿ ಮುಚ್ಚಿ ಎತ್ತುತ್ತಾರೆ. ಒಳಗೆ ಕಂಬದಂತೆ ಕೆಸರು ನಿಂತಿರುತ್ತದೆ: ಮೇಲೆ ಗಂಜಿಯಷ್ಟು ತೆಳು, ಕೆಳಗೆ ಹೋದಂತೆ ಬಿಗಿ. ಅದನ್ನು ಒಂದೊಂದು ಸೆಂಟಿಮೀಟರಿಗೆ ಕೊಯ್ದು ಬೇರೆ ಬೇರೆ ಚೀಲಕ್ಕೆ ಹಾಕುತ್ತಾರೆ. ಯಾವ ಪದರ ಯಾವ ವರ್ಷದ್ದೆಂದು ಹೇಳುವುದು ಸೀಸ-210. ಗಾಳಿಯಿಂದ ಸದಾ ಉದುರುತ್ತಿರುವ ಈ ವಿಕಿರಣ ವಸ್ತು ಸುಮಾರು 22 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ನೂರು ವರ್ಷದಷ್ಟು ಹಿಂದಕ್ಕೆ ಲೆಕ್ಕ ಸಿಗುತ್ತದೆ. ಹಳೆಯ ಕೆರೆಗಳಲ್ಲಾದರೆ ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಕೂಡ 1963ರ ಗುರುತು ಬಿಟ್ಟಿರುತ್ತದೆ. ಕಾರಂಜಾದಲ್ಲಿ ನೀರು ನಿಂತದ್ದು ಆಮೇಲೆ, ಆ ಗೆರೆ ಅಲ್ಲಿ ಸಿಗದು. ಬದಲಿಗೆ ಕೊಳವೆಯ ಬುಡದಲ್ಲಿ ಮುಳುಗಿದ ಹೊಲದ ಮಣ್ಣು ಬಂದರೆ, ಬೇರು ಕಂಡರೆ, ಅಲ್ಲಿಗೆ ಜಲಾಶಯದ ಮೊದಲ ವರ್ಷ ಎಂದು ತಿಳಿಯಿರಿ.

ಆಮೇಲೆ ಡಯಾಟಮ್. ಬರಿಗಣ್ಣಿಗೆ ಕಾಣದ ಈ ಪಾಚಿಯ ಮೈ ಗಾಜಿನಂಥ ಚಿಪ್ಪು, ಸೋಪಿನ ಡಬ್ಬಿಯಂತೆ ಎರಡು ಭಾಗ ಒಂದಕ್ಕೊಂದು ಕೂತಿರುತ್ತವೆ. ಪಾಚಿ ಸತ್ತರೂ ಚಿಪ್ಪು ಉಳಿಯುತ್ತದೆ. ತಿಳಿನೀರಿನ ಜಾತಿ ಬೇರೆ, ಗೊಬ್ಬರ ತುಂಬಿದ ನೀರಿನ ಜಾತಿ ಬೇರೆ. ಪದರ ಪದರವಾಗಿ ಎಣಿಸಿದರೆ ನೀರು ಯಾವಾಗ ಕೆಟ್ಟಿತು ಎಂಬುದು ಸಾಕಷ್ಟು ನಂಬಿಕೆಯಿಂದ ಸಿಗುತ್ತದೆ. ಕೆಸರಿನ ರಂಜಕವನ್ನೇ ನೇರ ಅಳೆದು ವರ್ಷ ಹೇಳಲು ಹೋದವರು ಮಾತ್ರ ಮೋಸ ಹೋಗಬಹುದು, ಏಕೆಂದರೆ ಅದು ಕೂತಲ್ಲೇ ಕೂರದೆ ಮೇಲಕ್ಕೆ ಸರಿಯುತ್ತದೆ.

ಯಾರಿಂದ ಕೆಟ್ಟಿತು? ಇಲ್ಲಿ ಹುಷಾರಾಗಿರಬೇಕು. ಸಾರಜನಕದ ಪರಮಾಣುಗಳಲ್ಲಿ ಹಗುರದ್ದು, ಭಾರದ್ದು ಎಂದು ಎರಡು ಬಗೆ. ಯೂರಿಯಾದ ಸಾರಜನಕ ಗಾಳಿಯಿಂದ ತಯಾರಾದದ್ದು, ಅದರಲ್ಲಿ ಇವೆರಡರ ಪ್ರಮಾಣವೂ ಗಾಳಿಯದೇ. ಚರಂಡಿ ನೀರಿನಲ್ಲಿ, ಸಗಣಿಯಲ್ಲಿ ಹಗುರ ಸಾರಜನಕ ಮೊದಲು ಹಾರಿಹೋಗಿ ಭಾರದ್ದು ಹೆಚ್ಚು ಉಳಿದಿರುತ್ತದೆ. ಹಾಗಾಗಿ ಇವೆರಡನ್ನು ಬಿಡಿಸಬಹುದು. ಆದರೆ ತಿಪ್ಪೆಗೊಬ್ಬರ ಹಾಕಿದ ರೈತನೂ ಚರಂಡಿ ಬಿಟ್ಟ ಊರೂ ಈ ಅಳತೆಗೆ ಒಂದೇ. ಅದಕ್ಕೆ ಇನ್ನೊಂದು ಸಾಕ್ಷಿ ಬೇಕು: ಮನುಷ್ಯನ ಕರುಳಿನಲ್ಲಿ ಹೇರಳವಾಗಿ ತಯಾರಾಗುವ ಕೊಪ್ರೊಸ್ಟನಾಲ್ ಕೆಸರಿನಲ್ಲಿ ಹೆಚ್ಚಿದ್ದರೆ ಅದು ಮನೆಗಳ ಶೌಚದ ನೀರು. ಇವೆಲ್ಲ ಕೂಡಿದರೂ ಹೂಳು ಹೇಳುವುದು ಯಾವ ಕಾಲದಿಂದ, ಯಾವ ಬಗೆಯ ಕೊಳೆ, ಯಾವುದರ ಪಾಲು ಹೆಚ್ಚು ಎಂದಷ್ಟೇ. ಇಂಥ ರೈತ, ಇಂಥ ಊರು ಎನ್ನಲಾರದು. ಕಟ್ಟೆಯ ಎರಡೂ ಪಕ್ಷದವರು ಸರಿಯಾಗಿರುವ ಸಾಧ್ಯತೆಯೇ ನನಗೆ ಹೆಚ್ಚು ಕಾಣುತ್ತದೆ. ಅದನ್ನು ಹೇಳಿದರೆ ಇಬ್ಬರೂ ನಿಮ್ಮ ಮೇಲೆ ಮುನಿಸಿಕೊಂಡಾರು.

ಇನ್ನೊಂದು ಮಾತನ್ನು ಇಬ್ಬರೂ ಮರೆತಿದ್ದಾರೆ. ಬೇಸಿಗೆಯಲ್ಲಿ ತಳದ ನೀರಿಗೆ ಆಮ್ಲಜನಕ ತೀರಿದರೆ, ಕಬ್ಬಿಣದ ಜೊತೆ ಕೂತಿದ್ದ ರಂಜಕ ಕೆಸರಿನಿಂದ ಬಿಟ್ಟು ನೀರಿಗೆ ಮರಳುತ್ತದೆ. ನಾಳೆಯಿಂದಲೇ ಗೊಬ್ಬರ, ಚರಂಡಿ ಎರಡೂ ನಿಂತರೂ ಹಳೆಯ ಹೂಳು ವರ್ಷಗಟ್ಟಲೆ ಪಾಚಿಗೆ ಉಣಿಸುತ್ತಿರಬಹುದು. ಚರಂಡಿ ತಿರುಗಿಸಿದ ಮರುವರ್ಷವೇ ಫಲ ಕೇಳುವ ಅಧಿಕಾರಿಗಳಿಗೆ ಇದನ್ನು ತಿಳಿಸಬೇಕು.

ಇಲ್ಲೇಕೆ ಮಾಡಬಾರದು ಎಂದಿರಿ. ಮಾಡಬೇಕು. ಕಲಬುರಗಿಯಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಾಲ ನಿರ್ಣಯದ ಕೆಲಸಕ್ಕೆ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಂಥ ಸಂಸ್ಥೆಗಳಿವೆ. ನಮ್ಮ ಸೀಮೆಯ ತೊಡಕು ಬೇರೆಯದು. ನೀರು ಬತ್ತಿದರೆ ಎರೆ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಹೊಸ ಹೂಳು ಆ ಬಿರುಕಿನಲ್ಲಿ ಬಿದ್ದು ಹಳೆಯದರೊಡನೆ ಕಲೆತುಹೋಗುತ್ತದೆ. ಮಾಂಜ್ರಾ ಅಣೆಕಟ್ಟು ಬರಿದಾಗಿ 2016ರಲ್ಲಿ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದು ನಿಮಗೆ ನೆನಪಿರುತ್ತದೆ, ಅಂಥ ಬರದಲ್ಲಿ ಒಣಗಿದ ಅಂಚಿನ ಕೆಸರು ಈ ಕೆಲಸಕ್ಕೆ ಬಾರದು. ಎಂದೂ ಬತ್ತದ ಆಳದಿಂದಲೇ ಕೊಳವೆ ತೆಗೆಯಬೇಕು.

ಹೊಲಕ್ಕೆ ಹೂಳು ಹಾಕುವುದು ಒಳ್ಳೆಯದೇ. ಬೀದರಿನ ಕೆಂಪು ಮಡ್ಡಿಗೆ ಕರಿ ಹೂಳು ಬಿದ್ದರೆ ತೇವ ನಿಲ್ಲುತ್ತದೆ, ರಂಜಕವೂ ಮರಳಿ ನೆಲ ಸೇರುತ್ತದೆ. ಮೊದಲೇ ಜಿಗುಟಾದ ಎರೆಗೆ ಮಾತ್ರ ಹೇರಬೇಡಿ, ನೀರು ಬಸಿಯದೆ ತೊಗರಿ ಸಾಯುತ್ತದೆ. ಪೇಟೆಯ ಚರಂಡಿ ಸೇರುವ ಕೆರೆಯದ್ದಾದರೆ ಭಾರಲೋಹದ ಪರೀಕ್ಷೆ ಆಗದೆ ಒಂದು ಟ್ರಾಲಿಯೂ ಒಯ್ಯಬೇಡಿ. ಹೂಳೆತ್ತುವ ಯಂತ್ರ ಇಳಿದ ಮೇಲೆ ಪದರಗಳ ಕಥೆ ಮುಗಿಯಿತು, ಯಾವ ಪ್ರಯೋಗಾಲಯವೂ ಮರಳಿ ಜೋಡಿಸಲಾರದು. ನಿಮ್ಮ ಊರ ಕೆರೆಗೆ ಜೆಸಿಬಿ ಬರುವ ಮುಂಚೆ ಪಂಚಾಯಿತಿಗೆ ಒಂದು ಅರ್ಜಿ ಕೊಡಿ: ಕೆರೆ ಏರಿಯ ಹತ್ತಿರದ ಆಳದ ಜಾಗದಲ್ಲಿ ಒಂದು ಗುಂಟೆಯಷ್ಟು ಹೂಳನ್ನು, ಕೊಳವೆ ತೆಗೆಯುವ ತನಕ, ಮುಟ್ಟದೆ ಬಿಡಲಿ. ಅರ್ಜಿಯ ನಕಲು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.