ಚಂದ್ರತಾಲ್‌ಗೆ ಬಸ್ಸಲ್ಲೇ ಹೋಗ್ಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ನಾವು ನಾಲ್ಕು ಜನ ಫ್ರೆಂಡ್ಸು, ಹಿಮಾಚಲದ ಚಂದ್ರತಾಲ್ ಸರೋವರ ನೋಡ್ಬೇಕು ಅಂತ ಎರಡು ವರ್ಷದಿಂದ ಆಸೆ. ಮನಾಲಿಯಿಂದ ಟ್ಯಾಕ್ಸಿ ಕೇಳಿದ್ರೆ ಹೇಳೋ ರೇಟು ನಮ್ಮ ಕೈಗೆ ಎಟುಕಲ್ಲ. ಬಸ್ಸಲ್ಲಿ ಹೋಗಿ ಮಿಕ್ಕಿದ್ದು ನಡ್ಕೊಂಡು ಹೋಗೋಕಾಗುತ್ತಾ? ಕುಮಾರ ಪರ್ವತ, ಕೊಡಚಾದ್ರಿ ಎಲ್ಲಾ ಹತ್ತಿದೀವಿ.
– ಒಬ್ಬ ಓದುಗ, ದಾವಣಗೆರೆ

ಉತ್ತರ: ಖಂಡಿತ ಆಗುತ್ತೆ. ನಾನು ಮೂರು ಸಲ ಹೋಗಿದೀನಿ, ಅದ್ರಲ್ಲಿ ಎರಡು ಸಲ ಬಸ್ಸಲ್ಲೇ. ಆದ್ರೆ ಬಸ್ ಯಾವುದು ಅನ್ನೋದಕ್ಕಿಂತ ಮೊದಲು ಯಾವ ಕಡೆಯಿಂದ ಹೋಗ್ಬೇಕು ಅನ್ನೋದು ಹೇಳ್ಬೇಕು, ಯಾಕಂದ್ರೆ ಮೊದಲ ಸಲ ನಾನು ಅದ್ರಲ್ಲೇ ತಪ್ಪು ಮಾಡ್ಕೊಂಡೆ. ಒಬ್ಬ ಏಜೆಂಟ್ ಮಾತು ನಂಬಿ ಮನಾಲಿಯಿಂದ ಬೆಳಗ್ಗೆ ಹೊರಟು ಸಂಜೆಗೆ ಸರೋವರದ ಹತ್ರ ಕ್ಯಾಂಪಲ್ಲಿದ್ದೆ. ಮನಾಲಿ ಇರೋದು ಸುಮಾರು 2000 ಮೀಟರ್ ಎತ್ತರದಲ್ಲಿ, ಚಂದ್ರತಾಲ್ ಹತ್ರಹತ್ರ 4300. ಒಂದೇ ದಿನದಲ್ಲಿ ಅಷ್ಟು ಏರಿದ್ದಕ್ಕೆ ರಾತ್ರಿ ಹತ್ತು ಗಂಟೆಗೆ ತಲೆ ಸಿಡಿದುಹೋಗೋ ಹಾಗೆ ನೋವು ಶುರುವಾಯ್ತು, ಕುಡಿದ ನೀರೂ ನಿಲ್ತಿರ್ಲಿಲ್ಲ, ಬೆಳಗಾಗೋದನ್ನೇ ಕಾಯ್ತಾ ಕೂತಿದ್ದೆ, ಸರೋವರ ನೋಡೋ ಮನಸ್ಸೇ ಉಳಿದಿರ್ಲಿಲ್ಲ. ಕುಮಾರ ಪರ್ವತ ಹತ್ತಿರೋರಿಗೆ ಕಾಲಲ್ಲಿ ಶಕ್ತಿ ಇರುತ್ತೆ, ಒಪ್ತೀನಿ, ಆದ್ರೆ ನಮ್ಮ ರಾಜ್ಯದಲ್ಲೇ ಎತ್ತರ ಅನ್ನೋ ಮುಳ್ಳಯ್ಯನಗಿರಿನೂ ಎರಡು ಸಾವಿರ ಮೀಟರ್ ಮುಟ್ಟಲ್ಲ. ಗಾಳಿ ತೆಳುವಾಗೋದಕ್ಕೆ ಮೈ ಒಗ್ಗೋದು ದಿನಗಳ ಲೆಕ್ಕದಲ್ಲಿ, ಅದಕ್ಕೂ ತೊಡೆಯ ಬಲಕ್ಕೂ ಸಂಬಂಧ ಇಲ್ಲ.

ಅದಕ್ಕೇ ನಾನು ಹೇಳೋದು, ಸುತ್ತು ಹಾಕ್ಕೊಂಡು ಹೋಗಿ. ಶಿಮ್ಲಾ ಕಡೆಯಿಂದ ಕಿನ್ನೌರ್ ಜಿಲ್ಲೆ ದಾಟಿ ಸ್ಪಿತಿ ಕಣಿವೆಗೆ ಹೋಗೋದು, ಚಂದ್ರತಾಲ್ ಕೊನೆಗೆ ಇಟ್ಕೊಳ್ಳೋದು, ಮನಾಲಿ ಕಡೆ ಇಳಿದು ವಾಪಸ್ ಬರೋದು. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲಿದೆ, ಚಂಡೀಗಢ ಅಥವಾ ಶಿಮ್ಲಾದಿಂದ ರೆಕಾಂಗ್ ಪಿಯೋಗೆ ಹಿಮಾಚಲದ ಸರ್ಕಾರಿ ಬಸ್. ಪಿಯೋ ಸುಮಾರು 2300 ಮೀಟರ್. ಅಲ್ಲಿಂದ ಕಲ್ಪಾಕ್ಕೆ ಲೋಕಲ್ ಬಸ್ಸಲ್ಲಿ ಅರ್ಧ ಗಂಟೆ, ಎದುರಿಗೇ ಕಿನ್ನರ ಕೈಲಾಸ, ಒಂದೆರಡು ರಾತ್ರಿ ಅಲ್ಲೇ ಇರಿ. ಆಮೇಲೆ ಪಿಯೋದಿಂದ ಸ್ಪಿತಿಯ ಮುಖ್ಯ ಊರಾದ ಕಾಜಾಗೆ ಬಸ್ಸು ನಸುಕಲ್ಲೇ ಹೊರಡುತ್ತೆ, ಇಡೀ ದಿನದ ದಾರಿ, ಹಿಂದಿನ ದಿನವೇ ಬಸ್‌ಸ್ಟ್ಯಾಂಡ್‌ಗೆ ಹೋಗಿ ಟೈಮ್ ವಿಚಾರಿಸಿ ಸೀಟಿನ ವಿಷಯ ಕೇಳ್ಕೊಂಡು ಬನ್ನಿ. ಒಂದೇ ಏಟಿಗೆ ಕಾಜಾಗೆ ಹೋಗ್ಬೇಡಿ, ನಾಕೋದಲ್ಲೋ ತಾಬೋದಲ್ಲೋ ಇಳ್ಕೊಳ್ಳಿ. ನಾಕೋದಲ್ಲಿ ಊರೊಳಗೇ ಪುಟ್ಟ ಕೆರೆ ಇದೆ, ತಾಬೋದಲ್ಲಿ 996ರಲ್ಲಿ ಕಟ್ಟಿದ ಮಣ್ಣಿನ ಗೋಡೆಯ ಬೌದ್ಧ ವಿಹಾರ ಇದೆ, ಒಳಗಿನ ಚಿತ್ರಗಳನ್ನ ನೋಡೋಕೇ ಅರ್ಧ ದಿನ ಬೇಕು. ಕಾಜಾ ಸುಮಾರು 3650 ಮೀಟರ್, ಅಲ್ಲಿ ಕಮ್ಮಿ ಅಂದ್ರೂ ಎರಡು ರಾತ್ರಿ.

ಈಗ ಮುಖ್ಯವಾದದ್ದು. ಬೇಸಿಗೆಯಲ್ಲಿ ಕಾಜಾದಿಂದ ಮನಾಲಿ ಕಡೆಗೆ ಬೆಳಗಿನ ಜಾವ ಸರ್ಕಾರಿ ಬಸ್ ಇರುತ್ತೆ. ಅದು ಲೋಸರ್ ದಾಟಿ ಕುಂಜುಮ್ ಪಾಸ್ ಹತ್ತುತ್ತೆ, ಎತ್ತರ ಸುಮಾರು 4550 ಮೀಟರ್. ಮೇಲೆ ಕುಂಜುಮ್ ದೇವಿಯ ಗುಡಿ, ಸುತ್ತ ಬಣ್ಣಬಣ್ಣದ ಬಾವುಟ ಗಾಳಿಗೆ ಪಟಪಟ ಅಂತಿರುತ್ತೆ, ಬಸ್ಸಿನವರು ಇಲ್ಲಿ ಕೈಮುಗೀದೆ ಮುಂದೆ ಹೋಗಲ್ಲ. ನೀವು ಅಲ್ಲೇ ಬ್ಯಾಗ್ ಇಳಿಸ್ಕೊಳ್ಳಿ, ಕಂಡಕ್ಟರ್‌ಗೆ ಮೊದಲೇ ಹೇಳಿಟ್ಟಿರಿ. ಗುಡಿ ಹತ್ರದಿಂದ ಕಾಲ್ದಾರಿ ಶುರು, ಚಂದ್ರತಾಲ್‌ಗೆ ಒಂಬತ್ತು ಹತ್ತು ಕಿಲೋಮೀಟರ್, ನಾಲ್ಕೈದು ಗಂಟೆ. ಹೆಚ್ಚುಕಮ್ಮಿ ಗುಡ್ಡದ ಮಗ್ಗುಲಲ್ಲೇ ಹೋಗುತ್ತೆ, ಒಟ್ಟಲ್ಲಿ ಇಳಿಜಾರು ಜಾಸ್ತಿ, ಎಡಕ್ಕೆ ತುಂಬಾ ಕೆಳಗೆ ಚಂದ್ರಾ ನದಿ, ಅದರಾಚೆ ಹಿಮ ಹೊದ್ದ ಚಂದ್ರಭಾಗಾ ಶಿಖರಗಳ ಸಾಲು. ಒಂದು ಮರ ಇಲ್ಲ, ನೆರಳೇ ಇಲ್ಲ. ಮಧ್ಯೆ ಸಣ್ಣ ಹಳ್ಳಗಳು ಬರ್ತವೆ, ಬಿಸಿಲೇರಿದ ಹಾಗೆ ಹಿಮ ಕರಗಿ ನೀರು ಏರುತ್ತೆ, ಆದ್ರಿಂದ ಬಸ್ ಇಳಿದ ಮೇಲೆ ಫೋಟೋ ಅಂತ ಹೊತ್ತು ಕಳೀಬೇಡಿ. ಮೋಡ ಕವಿದಿದ್ರೆ ಈ ದಾರಿ ಬಿಟ್ಬಿಡಿ, ಕುಂಜುಮ್ ಇಳಿದ ಮೇಲೆ ಸಿಗೋ ಬಾತಲ್‌ವರೆಗೆ ಬಸ್ಸಲ್ಲೇ ಹೋಗಿ, ಅಲ್ಲಿಂದ ಜೀಪ್ ಹೋಗೋ ಮಣ್ಣು ರಸ್ತೆ ಇದೆ, 14 ಕಿಲೋಮೀಟರ್, ದಾರಿ ತಪ್ಪೋ ಮಾತೇ ಇಲ್ಲ.

ಸರೋವರದ ದಡದಲ್ಲಿ ಟೆಂಟ್ ಹಾಕೋ ಹಾಗಿಲ್ಲ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2005ರಲ್ಲಿ ಸೇರಿದ ಜಾಗ ಅದು, ಕ್ಯಾಂಪುಗಳೆಲ್ಲ ಮೂರ್ನಾಲ್ಕು ಕಿಲೋಮೀಟರ್ ಈಚೆಗೆ ಇವೆ. ಇದು ಸರಿಯಾದ ನಿಯಮ, ದಯವಿಟ್ಟು ಯಾರೂ ಮುರೀಬೇಡಿ. ಎರಡನೇ ಸಲ ಹೋದಾಗ ಬೆಳಗ್ಗೆ ಆರಕ್ಕೆ ಒಬ್ಬನೇ ದಡದಲ್ಲಿ ಕೂತಿದ್ದೆ, ನೀರು ಕಪ್ಪಗೆ ಅಲುಗಾಡದೆ ಇತ್ತು, ಸೂರ್ಯ ಗುಡ್ಡದ ತುದಿ ದಾಟಿದ ಹಾಗೆ ಆಚೆ ದಡದಿಂದ ಬಣ್ಣ ಬದಲಾಗ್ತಾ ಬಂತು, ಮೊದಲು ಬೂದಿ, ಆಮೇಲೆ ಹಸಿರು, ಆಮೇಲೆ ಎಂಥಾ ನೀಲಿ ಅಂದ್ರೆ ಹೇಳೋಕೆ ಬರಲ್ಲ, ಒಂದು ಜೋಡಿ ಕಾವಿ ಬಣ್ಣದ ಬಾತು ನೀರನ್ನ ಸೀಳ್ಕೊಂಡು ಹೋಯ್ತು. ಧರ್ಮರಾಯನನ್ನ ಇಂದ್ರನ ರಥ ಕರ್ಕೊಂಡು ಹೋಗಿದ್ದು ಇಲ್ಲಿಂದಲೇ ಅಂತ ಅಲ್ಲಿಯವರ ನಂಬಿಕೆ. ಸುತ್ತು ಹಾಕೋಕೆ ಒಂದು ಗಂಟೆ ಸಾಕು, ನೀವು ಎರಡು ಗಂಟೆ ಕೊಡಿ.

ವಾಪಸ್ ಬರೋದಕ್ಕೆ ಬಾತಲ್‌ಗೆ ನಡೀಬೇಕು, ಕ್ಯಾಂಪಿಂದ ಸುಮಾರು ಹತ್ತು ಕಿಲೋಮೀಟರ್. ಮನಾಲಿ ಕಡೆಗೆ ಹೋಗೋದು ಅದೇ ಕಾಜಾ ಬಸ್ಸು, ಮಧ್ಯಾಹ್ನಕ್ಕೆ ಮುಂಚೆನೇ ಬಾತಲ್ ದಾಟಿಬಿಡಬಹುದು, ಅದಕ್ಕೇ ಬೆಳಕು ಹರಿಯೋ ಹೊತ್ತಿಗೆ ಹೊರಡಿ. ತಪ್ಪಿಹೋದ್ರೂ ಗಾಬರಿ ಬೇಡ, ಬಾತಲ್‌ನಲ್ಲಿ ಚಾಚಾ ಚಾಚಿ ಡಾಬಾ ಅಂತ ಹೆಸರುವಾಸಿ ಡಾಬಾ ಇದೆ, ಬಿಸಿ ರಾಜ್ಮಾ ಅನ್ನ ಸಿಗುತ್ತೆ, ರಾತ್ರಿ ಮಲಗೋಕೆ ಜಾಗನೂ ಸಿಗುತ್ತೆ. ಮುಂದಿನ ರಸ್ತೆ ಗ್ರಾಂಫೂ ಅನ್ನೋ ಜಾಗದವರೆಗೆ ಬರೀ ಕಲ್ಲು, ಹಳ್ಳದಲ್ಲಿ ಬಸ್ ನೀರೊಳಗೇ ದಾಟುತ್ತೆ, ನಾನು ಬಂದಾಗ ಕಂಡಕ್ಟರ್ ಇಳಿದು ಕೈಯಲ್ಲಿ ಕಲ್ಲು ಸರಿಸಿ ದಾರಿ ಮಾಡಿದ್ರು. ಆಮೇಲೆ 2020ರಲ್ಲಿ ಶುರುವಾದ ಅಟಲ್ ಸುರಂಗ, ಒಂಬತ್ತು ಕಿಲೋಮೀಟರ್, ಆಚೆ ಬಂದ್ರೆ ಒಮ್ಮೆಗೇ ದೇವದಾರು ಕಾಡು.

ಪ್ರಶ್ನೆ: ಜುಲೈನಲ್ಲಿ ಮಗನಿಗೆ ರಜೆ ಸಿಗುತ್ತೆ, ಆಗ ಹೋಗ್ಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಸೆಪ್ಟೆಂಬರ್‌ಗೆ ಹಾಕ್ಕೊಳ್ಳೋಕಾದ್ರೆ ಹಾಕ್ಕೊಳ್ಳಿ ಸರ್. ಜುಲೈ 2023ರಲ್ಲಿ ಹಿಮ ಬಿದ್ದು ಮುನ್ನೂರರ ಹತ್ರ ಪ್ರವಾಸಿಗಳು ಚಂದ್ರತಾಲ್‌ನಲ್ಲೇ ದಿನಗಟ್ಟಲೆ ಸಿಕ್ಕಿಹಾಕ್ಕೊಂಡಿದ್ರು, ರಸ್ತೆಯ ಹಿಮ ತೆಗೆದು ಕರ್ಕೊಂಡು ಬರ್ಬೇಕಾಯ್ತು. ಸ್ಪಿತಿಯಲ್ಲಿ ಮಳೆ ಕಮ್ಮಿ ನಿಜ, ಆದ್ರೆ ಅಲ್ಲಿಗೆ ಮುಟ್ಟೋ ದಾರಿ ಕಿನ್ನೌರ್, ಕುಲ್ಲು ಕಡೆ ಮಳೆಗಾಲದಲ್ಲಿ ಕುಸೀತಿರುತ್ತೆ. ಜುಲೈನೇ ಅಂದ್ರೆ ಎರಡು ಮೂರು ದಿನ ಖಾಲಿ ಇಟ್ಕೊಂಡು ರೈಲ್ ಟಿಕೆಟ್ ಮಾಡಿ.

ಪ್ರಶ್ನೆ: ನಮ್ಮಮ್ಮನಿಗೆ 58, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಈಗಲೂ ಹತ್ತುತ್ತಾರೆ. ಕರ್ಕೊಂಡು ಹೋಗ್ಲಾ?
– ಓದುಗಿ, ಮೈಸೂರು

ಉತ್ತರ: ಮೇಡಂ, ಅಮ್ಮನ್ನ ಸ್ಪಿತಿಗೆ ಕರ್ಕೊಂಡು ಹೋಗಿ, ಚಂದ್ರತಾಲ್ ತೀರ್ಮಾನ ಕಾಜಾದಲ್ಲಿ ಮಾಡಿ. ಬಿಪಿ, ಹಾರ್ಟು ಏನಾದ್ರೂ ಇದ್ರೆ ಮೊದಲು ಡಾಕ್ಟರ್‌ನ ಕೇಳಿ, ಎತ್ತರದ ತೊಂದರೆಗೆ ತಗೊಳ್ಳೋ ಡಯಾಮಾಕ್ಸ್ ಮಾತ್ರೆನೂ ಅವರು ಹೇಳಿದ್ರೆ ಮಾತ್ರ, ಸಲ್ಫಾ ಔಷಧಿಗೆ ಅಲರ್ಜಿ ಇದ್ದೋರಿಗೆ ಅದು ಆಗದೇ ಇರಬಹುದು. ಕಾಜಾದಲ್ಲಿ ಆಸ್ಪತ್ರೆ ಇದೆ, ಚಂದ್ರತಾಲ್‌ನಲ್ಲಿ ಇಲ್ಲ, ಅಲ್ಲಿಂದ ಕಾಜಾಗೆ ಬರ್ಬೇಕಂದ್ರೆ ಇನ್ನೂ ಎತ್ತರದ ಕುಂಜುಮ್ ಹತ್ತಿ ಇಳೀಬೇಕು, ಮನಾಲಿ ಕಡೆ ಇಳಿಯೋಕೆ ಗಂಟೆಗಟ್ಟಲೆ ಕಲ್ಲುರಸ್ತೆ, ಆ ಜಾಗದ ಕಷ್ಟನೇ ಇದು. ಕಾಜಾದಲ್ಲಿ ಎರಡು ರಾತ್ರಿ ಕಳೆದ ಮೇಲೂ ತಲೆನೋವು, ವಾಂತಿ ಇದ್ರೆ ಮೇಲೆ ಹೋಗ್ಬೇಡಿ. ಸುಮ್ನೆ ಕೂತಾಗ್ಲೂ ಏದುಸಿರು ಬಂದ್ರೆ, ನಡೆಯೋವಾಗ ತೂರಾಡಿದ್ರೆ, ಆಗಿಂದಾಗ್ಲೇ ಕೆಳಗೆ ಇಳಿಸಿ, ಬೆಳಗಾಗ್ಲಿ ಅಂತ ಕಾಯ್ಬೇಡಿ. ಅಂಥ ತೊಂದರೆ ಏನೂ ಇಲ್ಲದೆ ಅಮ್ಮನಿಗೆ ಸರೋವರನೇ ನೋಡ್ಬೇಕು ಅಂದ್ರೆ ಧಂಕರ್ ಇದೆ, ಅದೂ ಕಾಜಾಗಿಂತ ಎತ್ತರವೇ, ಆದ್ರಿಂದ ಕಾಜಾದಲ್ಲಿ ಮೈ ಒಗ್ಗಿದ ಮೇಲೆ ಹೋಗಿ. ಪಿಯೋ ಕಾಜಾ ದಾರಿಯಲ್ಲಿ ಶಿಚ್‌ಲಿಂಗ್ ಹತ್ರ ಇಳಿದು ಮೇಲಿನ ಊರಿಗೆ ಎಂಟು ಕಿಲೋಮೀಟರ್ ಗಾಡಿ ಮಾಡ್ಕೊಳ್ಳಿ, ರಾತ್ರಿ ಊರಲ್ಲೇ ಉಳಿದು ಬೆಳಗ್ಗೆ ನಿಧಾನವಾಗಿ ಒಂದು ಗಂಟೆ ಹತ್ತಿದ್ರೆ ಕೆರೆ.

ಪ್ರಶ್ನೆ: ಊಟ, ದುಡ್ಡು, ಫೋನ್ ಬಗ್ಗೆ ಹೇಳಿ.
– ಓದುಗರು, ಹುಬ್ಬಳ್ಳಿ

ಉತ್ತರ: ಸಸ್ಯಾಹಾರಕ್ಕೆ ತೊಂದರೆ ಇಲ್ಲ, ಬೇಳೆ, ಅನ್ನ, ರೊಟ್ಟಿ, ಮ್ಯಾಗಿ ಎಲ್ಲಾ ಕಡೆ. ಎತ್ತರದಲ್ಲಿ ಹಸಿವೇ ಆಗಲ್ಲ, ಆದ್ರೂ ತಿನ್ಲೇಬೇಕು, ನಿಮ್ಮ ಕಡೆ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಇಟ್ಕೊಳ್ರಿ, ನನಗೆ ಅಲ್ಲಿ ಬಾಯಿಗೆ ರುಚಿ ಅನ್ಸಿದ್ದು ಅದೊಂದೇ. ನಗದು ಕಾಜಾದಲ್ಲೇ ತೆಗೆದಿಟ್ಕೊಳ್ಳಿ, ಎಟಿಎಂ ಕೈಕೊಟ್ರೆ ಅಂತ ಮನೆಯಿಂದಲೂ ಸ್ವಲ್ಪ ಜಾಸ್ತಿ ಒಯ್ರಿ. ಚಂದ್ರತಾಲ್‌ನಲ್ಲಿ ಸಿಗ್ನಲ್ ನಂಬ್ಕೊಂಡು ಹೋಗ್ಬೇಡಿ, ಕಾಜಾ ಬಿಡೋ ಮುಂಚೆ ಮನೆಗೆ ಫೋನ್ ಮಾಡಿ ಎಲ್ಲಿ ಉಳೀತೀವಿ, ಯಾವ ದಿನ ಮತ್ತೆ ಫೋನ್ ಮಾಡ್ತೀವಿ ಅಂತ ಹೇಳಿ, ಒಂದು ದಿನ ತಡ ಆದ್ರೆ ಗಾಬರಿ ಬೇಡ ಅನ್ನೋದನ್ನೂ ಸೇರಿಸಿ ಹೇಳಿ.